ಅಪ್ಪಯ್ಯನ ಡೈರಿಲಿ ಯಾರ ಹೆಸರೂ ಇರ್ಲಿಲ್ಲ

ಬೆಳಗಿನ ಜಾವ ಐದು ಗಂಟೆಗೆ ಅಣ್ಣ ಫೋನ್ ಮಾಡ್ದ ಅಂದ್ರೇನೇ ಅರ್ಧ ಗೊತ್ತಾಗಿಬಿಡತ್ತೆ, ಆ ಹೊತ್ತಲ್ಲಿ ಅವನು ಅಡಿಕೆ ರೇಟ್ ಹೇಳೋಕಂತೂ ಮಾಡಲ್ಲ. 2024ರ ಆಗಸ್ಟು. ಹಿಂದಿನ ತಿಂಗಳು ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೇ ಬಿದ್ದಿತ್ತು, ಆಗಸ್ಟ್ ಮೊದಲ ವಾರ ಕಾರವಾರದಲ್ಲಿ ಕಾಳಿ ನದಿ ಹಳೇ ಸೇತುವೆ ಮುರಿದು ಬಿತ್ತು, ಅಪ್ಪಯ್ಯ ದಿನಾ ಟಿವಿ ಮುಂದೆ ಕೂತು "ಈ ಮಳೆಗಾಲದಲ್ಲಿ ಎಂತೆಂತ ಉಳಿತು ಹೇಳಿ ನೋಡವು" ಅಂತಿದ್ನಂತೆ. ಅವನೇ ಉಳೀಲಿಲ್ಲ. ರಾತ್ರಿ ಎಲ್ಲಾ ಸರಿ ಇದ್ದು ಊಟ ಮಾಡಿ ಮಲಗಿದವ ನಾಲ್ಕು ಗಂಟೆಗೆ ಎದೆ ಉರಿ ಅಂದ್ನಂತೆ, ಆಯಿ, ಅಂದ್ರೆ ನಮ್ಮಮ್ಮ, ಜೀರಿಗೆ ಕಷಾಯ ಮಾಡ್ಕೊಂಡು ಬರೋದ್ರೊಳಗೆ ಮುಗಿದೇ ಹೋಗಿತ್ತು. ಎಪ್ಪತ್ತಮೂರು ವರ್ಷ. ಡಾಕ್ಟರು ಎರಡು ವರ್ಷದಿಂದ ಕವಳ, ಅಂದ್ರೆ ಎಲೆಅಡಿಕೆ, ಬಿಡಿ ಬಿಡಿ ಅಂತ ಹೇಳ್ತಾನೇ ಇದ್ರು, ಇವ "ಬಿಟ್ಟಿದ್ದಿ ಡಾಕ್ಟ್ರೇ, ರಾತ್ರಿ ನಿದ್ದೆ ಬಂದ್ಮೇಲೆ ಹಾಕ್ತ್ನಿಲ್ಲೆ" ಅಂತ ಅವರ ಎದುರಿಗೇ ಹೇಳಿ ಬಂದಿದ್ದ.

ನಾನಿರೋದು ಬೆಂಗಳೂರು. ಸಿರ್ಸಿಗೆ ನಾನೂರು ಕಿಲೋಮೀಟರು, ಸಿರ್ಸಿಯಿಂದ ನಮ್ಮನೆಗೆ ಮತ್ತೆ ಹದಿನೆಂಟು. ಕಾರು ಹತ್ತಿ ತುಮಕೂರು ದಾಟ್ತಿದ್ದ ಹಾಗೇ ಅತ್ತಿಗೆ ವಾಟ್ಸಾಪಲ್ಲಿ ಒಂದಷ್ಟು ಫೋಟೋ ಕಳ್ಸಿದ್ಲು, ಅಪ್ಪಯ್ಯನ ಪಾಕೆಟ್ ಡೈರಿದು. ಅಣ್ಣ ಕಟ್ಟಿಗೆ, ಪುರೋಹಿತರು, ತಗಡು ಅಂತ ಓಡಾಡ್ತಿದ್ದ, ಮನೆ ಸುತ್ತ ಸಿಗ್ನಲ್ ಬೇರೆ ಇಲ್ಲ, ಹಾಗಾಗಿ ದಾರಿಲಿ ಕೂತೇ ನೀನು ಎಲ್ರಿಗೂ ತಿಳಿಸು ಅಂತ ನನ್ನ ಪಾಲಿಗೆ ಆ ಕೆಲಸ ಬಂತು. ಅಪ್ಪ ಹೋದ ಸುದ್ದಿನ ನಂಬರ್ ಒತ್ತಿ ಒತ್ತಿ ಐವತ್ತು ಜನಕ್ಕೆ ಹೇಳೋದು ಎಷ್ಟು ಕಷ್ಟ ಅಂತ ನಾನು ಅಂದ್ಕೊಂಡಿದ್ದೆ, ಫೋಟೋ ಓಪನ್ ಮಾಡಿ ನೋಡಿದ್ರೆ ಕಷ್ಟ ಅದಲ್ಲ, ಡೈರಿ ತುಂಬ ನಂಬರ್ ಇದೆ, ಒಬ್ರದ್ದೂ ಹೆಸರಿಲ್ಲ.

ಅಂದ್ರೆ ಹೆಸರು ಬರ್ದಿದ್ದಾನೆ, ಅವನಿಟ್ಟ ಹೆಸರು. ಅರ್ಧ ಚಾ. ಯಮ. ಉಪ್ಪಿಲ್ಲದ ಸಾರು. ಬುರ್ಡೆ ಮಾಸ್ತರ. ಸೆಕೆಂಡ್ ಗೇರು. ಮಳೆ ಬಂದ್ರೆ ಬತ್ನಿಲ್ಲೆ. ಹಿಂಗೇ ಹನ್ನೊಂದು ಪುಟ, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಅತ್ತಿಗೆಗೆ ಕೇಳಿದ್ರೆ ನಂಗೂ ಗೊತ್ತಿಲ್ಲೆ ಅಂದ್ಲು, ಆಯಿನ್ನ ಆ ಹೊತ್ತಲ್ಲಿ ಕೇಳೋಕಾಗತ್ತಾ.

ಸರಿ ಅಂತ ಮೊದಲನೇ ನಂಬರಿಂದಾನೇ ಶುರು ಮಾಡ್ದೆ. 'ಮಳೆ ಬಂದ್ರೆ ಬತ್ನಿಲ್ಲೆ' ನಮ್ಮೂರಿನ ಲೈನ್‌ಮನ್ನು, ಅದು ಧ್ವನಿ ಕೇಳ್ತಿದ್ದಂಗೇ ಗೊತ್ತಾಯ್ತು. 'ಯಮ'ನಿಗೆ ಹಚ್ಚೋವಾಗ ಕೈ ತಡೀತು, ಸುಳ್ಳಲ್ಲ. ಆ ಕಡೆಯಿಂದ ಬಹಳ ಮೆತ್ತಗಿನ ದನಿ, ಹಲೋ ಯಾರು ತಂಗಿ ಅಂತ. ಇನ್ಶೂರೆನ್ಸ್ ಏಜೆಂಟರು! ಮನೆಗೆ ಬಂದ್ರೆ ಸತ್ರೆ ಎಷ್ಟು ಬರ್ತದೆ ಅನ್ನೋದು ಬಿಟ್ಟು ಬೇರೆ ಮಾತೇ ಇಲ್ವಂತೆ, ಅದಕ್ಕೆ ಆ ಹೆಸರು. ಅವರು ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ್ರು, ನಿಮ್ಮಪ್ಪನ ಪಾಲಿಸಿ ಮೆಚೂರ್ ಆಗಿ ಚೆಕ್ ಕೊಡೋಕೆ ಹೋದಾಗ ನನ್ನ ಕೈ ಕುಲುಕಿ "ನಿನ್ನ ಕಂಪ್ನಿ ಸೋತು ಹೋತು, ಆನು ಸತ್ತಿದ್ನಿಲ್ಲೆ" ಅಂದಿದ್ದ ಅಂತ. ಹೇಳಿ ಅವರೇ ನಕ್ಕುಬಿಟ್ರು, ನಕ್ಕಿದ್ದಕ್ಕೆ ಸಾರಿ ಅಂದ್ರು, ನಾನೂ ನಗ್ತಾ ಇದ್ದೆ, ಡ್ರೈವರ್ ಕನ್ನಡಿಲಿ ನನ್ನೇ ನೋಡ್ತಿದ್ದ.

'ಉಪ್ಪಿಲ್ಲದ ಸಾರು' ಅಂದ್ರೆ ನಮ್ಮ ಕಡೆ ಮದುವೆ ಉಪನಯನಕ್ಕೆಲ್ಲ ಬರೋ ಅಡುಗೆ ಭಟ್ರು. ಸುದ್ದಿ ಕೇಳಿ ಗಳಗಳ ಅತ್ರು ಪಾಪ, ಹದಿಮೂರನೇ ದಿನದ ಅಡುಗೆ ಬೇರೆ ಯಾರಿಗೂ ಹೇಳಬೇಡಿ ನಾನೇ ಬರ್ತೆ ಅಂದ್ರು. ಎಲ್ಲಾ ಮಾತಾಡಿ ಫೋನ್ ಇಡೋ ಮುಂಚೆ ಕೇಳಿದ್ರು, "ಡೈರಿಲಿ ಯನ್ನ ಹೆಸ್ರು ಎಂತ ಹೇಳಿ ಬರ್ಕಂಡಿದ್ನೆ ತಂಗಿ?" ನಾನು ಭಟ್ರು ಅಂತ ಬರ್ದಿದ್ದಾನೆ ಅಂದೆ. "ಸುಳ್ಳು ಹೇಳಡ, ಉಪ್ಪಿನ ಸುದ್ದಿ ಎಂತಾದ್ರೂ ಇದ್ದೇ ಇರ್ತು."

ಹಾವೇರಿ ಬರೋದ್ರೊಳಗೆ ಮೂವತ್ತೆಂಟು ಕಾಲ್ ಮುಗಿದಿತ್ತು. ಮಧ್ಯದಲ್ಲಿ 'ಎಸ್‌ಟಿಡಿ' ಅಂತ ಒಂದು ನಂಬರು, ಒತ್ತಿದ್ರೆ ಬ್ಯುಸಿ ಬ್ಯುಸಿ ಅಂತಾನೇ ಬರ್ತಿದೆ, ಎರಡು ಸಲ ಹಚ್ಚಿದ ಮೇಲೆ ಕಣ್ಣಿಗೆ ಬಿತ್ತು, ಅದು ನಂದೇ ನಂಬರು. ಧಾರವಾಡದಲ್ಲಿ ಹಾಸ್ಟೆಲ್ಲಲ್ಲಿದ್ದಾಗ ಬೂತಿಂದ ಭಾನುವಾರ ಮಾಡ್ತಿದ್ದೆ, ಮೀಟರ್ ಓಡತ್ತೆ ಬೇಗ ಹೇಳು ಅಂತ ಕಿರುಚ್ತಿದ್ದೆ, ಆಮೇಲೆ ನಾಲ್ಕು ಸಿಮ್ ಬದಲಾಯ್ತು, ಅವನು ನಂಬರ್ ಹೊಡೆದು ಹೊಡೆದು ಹೊಸದು ಬರ್ದಿದ್ದಾನೆ, ಹೆಸರು ಮಾತ್ರ ಅದೇ.

ಮನೆಗೆ ಮುಟ್ಟಿದ್ದು ಎರಡೂವರೆಗೆ. ಆ ಭಾಗ ಜಾಸ್ತಿ ಬರೆಯಲ್ಲ. ಮಳೆ ಹೊಯ್ತಾನೇ ಇತ್ತು, ಬೆಟ್ಟದ ಅಂಚಲ್ಲಿ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದ್ರು. ಶ್ರಾವಣದಲ್ಲಿ ಒಣ ಕಟ್ಟಿಗೆ ಎಲ್ಲಿಂದ ತರೋದು ಅಂತ ಊರವರೆಲ್ಲ ಯೋಚನೆ ಮಾಡ್ತಿದ್ರೆ ಅಣ್ಣ ಕಟ್ಟಿಗೆಮನೆ ಬಾಗ್ಲು ತೆಗೆದು ತೋರ್ಸಿದ, ಗೋಡೆಯಿಂದ ಮಾಡಿನ ತನಕ ಅಪ್ಪಯ್ಯನೇ ಒಟ್ಟಿದ್ದ. ಬೇಸಿಗೆಲಿ ಒಂದೊಂದೇ ಸೀಳಿ ಜೋಡಿಸ್ತಾ "ಅಡಕೆ ಬೇಯ್ಸಲಾದ್ರೂ ಆತು, ಯನ್ನ ಬೇಯ್ಸಲಾದ್ರೂ ಆತು" ಅಂದಿದ್ನಂತೆ, ಆಯಿ ಬೈದಿದ್ಲಂತೆ. ಆ ಮಾತನ್ನ ಅಣ್ಣ ಎಲ್ಲರೆದುರು ಹೇಳ್ಲೂ ಆಗದೆ ನುಂಗ್ಲೂ ಆಗದೆ ನನ್ನ ಕಿವಿಲಿ ಹೇಳ್ದ.

ಮರುದಿನ ಪೇಪರಿಗೆ ಕೊಡೋಕೆ ಫೋಟೋ ಬೇಕು ಅಂತಾಯ್ತು, ಮನೇಲಿ ಇಡೋಕೂ ಒಂದು ದೊಡ್ಡದು ಬೇಕಲ್ಲ. ಇಲ್ಲಿ ನೋಡಿ ಮಜಾ. ಮೂರು ಫೋನು, ಎರಡು ಆಲ್ಬಮ್ಮು, ನನ್ನ ಮದುವೆ ಸಿಡಿ ಎಲ್ಲಾ ಹುಡುಕಿದ್ವಿ, ಅಪ್ಪಯ್ಯ ನೆಟ್ಟಗೆ ಮುಖ ಇಟ್ಕೊಂಡ ಫೋಟೋ ಒಂದಂದ್ರೆ ಒಂದೂ ಇಲ್ಲ. ಒಂದರಲ್ಲಿ ಬಾಯ್ತುಂಬ ಕವಳ, ಕೆನ್ನೆ ಒಂದು ಕಡೆ ಉಬ್ಬಿದೆ. ಒಂದರಲ್ಲಿ ಅಣ್ಣನ ಮಗನ ತಲೆ ಹಿಂದೆ ಎರಡು ಬೆರಳು ಕೋಡು. ಗೃಹಪ್ರವೇಶದ್ದರಲ್ಲಿ ಎಲ್ಲರೂ ಕ್ಯಾಮೆರಾ ನೋಡ್ತಿದ್ರೆ ಇವ ಕಜ್ಜಾಯ ನೋಡ್ತಿದ್ದಾನೆ. ಸಿರ್ಸಿ ಜಾತ್ರೆಲಿ ತೆಗೆದಿದ್ದೊಂದಿದೆ, ಬಿಡ್ಕಿಬೈಲಲ್ಲಿ ಮಾರಿಕಾಂಬೆ ಗದ್ದುಗೆ ಮೇಲೆ ಕೂತಿದ್ದಾಗ ಹಿಂದೆ ಜನಸಾಗರ, ಇವ ಮೊಮ್ಮಗಳ ಪಿಪಿ ಊದ್ತಾ ನಿಂತಿದ್ದಾನೆ, ಕಣ್ಣು ಹೊರಗೆ ಬಂದಂಗಿದೆ. ಯಕ್ಷಗಾನದ ಒಂದು ಹಳೇ ಫೋಟೋ ಸಿಕ್ತು, ಬಣ್ಣ ಹಚ್ಚಿದ್ದಾನೆ, ಊರಿನ ಹವ್ಯಾಸಿ ಆಟದಲ್ಲಿ ಒಂದೇ ಒಂದು ಸಲ ಬಾಗಿಲು ಕಾಯೋನ ಪಾತ್ರ ಕೊಟ್ಟಿದ್ರಂತೆ, ಎರಡು ಮಾತಿನ ಪಾತ್ರ, ಇವ ರಾಜನ್ನ ಒಳಗೆ ಬಿಡೋಕೆ ಕಾಲು ಗಂಟೆ ಪ್ರಶ್ನೆ ಕೇಳಿದ್ದಕ್ಕೆ ಭಾಗವತರು ಜೋರಾಗಿ ತಾಳ ಕುಟ್ಟಿ ಒಳಗೆ ಅಟ್ಟಿದ್ರಂತೆ, ಮತ್ತೆ ಯಾವತ್ತೂ ಕರೀಲಿಲ್ಲ.

ಕೊನೆಗೆ ವೋಟರ್ ಐಡಿ ಫೋಟೋನೇ ಗತಿ ಅಂತ ದೇವಿಕೆರೆ ಹತ್ರ ಒಂದು ಸ್ಟುಡಿಯೋಕ್ಕೆ ತಗೊಂಡು ಹೋದೆ. ಸ್ಟುಡಿಯೋ ಹುಡುಗ ದೊಡ್ಡದು ಮಾಡಿ ನೋಡಿ, ಮೇಡಂ ಇದು ಅವರಲ್ಲ ಅನ್ಸ್ತದೆ ಅಂದ. ನಿಜ, ಅದು ಅಪ್ಪಯ್ಯ ಅಲ್ವೇ ಅಲ್ಲ, ಯಾರೋ ಕಳ್ಳತನದ ಕೇಸಲ್ಲಿ ಸಿಕ್ಕಿಬಿದ್ದವನ ಹಾಗಿತ್ತು. ಹುಡುಗನೇ ನನ್ನ ಫೋನಲ್ಲಿದ್ದ ಕವಳದ ಫೋಟೋ ನೋಡಿ ಇದರಲ್ಲಿ ಕೆನ್ನೆ ಸ್ವಲ್ಪ ಇಳಿಸ್ಬಹುದು ಅಂದ. ಮೌಸ್ ಹಿಡ್ಕೊಂಡು ಅರ್ಧ ಗಂಟೆ ಕೂತು ಅಪ್ಪಯ್ಯನ ಬಾಯಿಂದ ಕವಳ ತೆಗ್ದ. ಡಾಕ್ಟರಿಗೆ ಎರಡು ವರ್ಷದಲ್ಲಿ ಆಗದಿದ್ದು. ಆದ್ರೆ ಕೆನ್ನೆ ಇಳಿಸಿದ್ಮೇಲೆ ಕಣ್ಣಲ್ಲಿರೋ ನಗು ಎಲ್ಲಿಂದ ಬಂತು ಅಂತಾನೇ ಗೊತ್ತಾಗ್ತಿರ್ಲಿಲ್ಲ, ಏನೋ ಕದ್ದು ತಿಂದ ಮುಖ. ಪೇಪರಿಗೆ ಇಳಿಸಿದ್ದು ಕೊಟ್ವಿ, ಮನೇಲಿ ಉಬ್ಬಿದ್ದೇ ಇಟ್ವಿ. ಪುರೋಹಿತರು ಒಂದು ಸಲ ಫೋಟೋ ನೋಡಿದ್ರು, ಏನೂ ಹೇಳ್ಲಿಲ್ಲ.

ಮದುವೆಯಾದ ಮಗಳಿಗೆ ಸೂತಕ ಮೂರೇ ದಿನ. ಯಾರು ಲೆಕ್ಕ ಹಾಕಿದ್ರೋ ಗೊತ್ತಿಲ್ಲ, ಅಳೋದಕ್ಕೂ ಮೂರು ದಿನ ಸಾಕು ಅಂದ್ಕೊಂಡಿರ್ಬೇಕು. ಆದ್ರೆ ನಾಲ್ಕನೇ ದಿನ ಅದೇ ಉಪಯೋಗಕ್ಕೆ ಬಂತು. ಆವತ್ತು ಬೆಳಿಗ್ಗೆ ಮಳೆ ಹೊಳವಾಯ್ತು. ಅಡಿಕೆ ತೋಟಕ್ಕೆ ಎರಡನೇ ಔಷಧಿ ಹೊಡೆಯೋದು ಬಾಕಿ ಇತ್ತು, ಕೊಳೆ ರೋಗಕ್ಕೆ ಯಾರ ಮನೇಲಿ ಯಾರು ಸತ್ರು ಅಂತಿಲ್ಲ, ಅಂಥಾ ಮಳೇಲಿ ಒಂದು ವಾರ ತಡ ಆದ್ರೆ ಕಾಯಿ ಉದುರಿ ತೋಟ ಹಸಿರು ಹಾಸಿದಂಗೆ ಕಾಣತ್ತೆ. ನಾವ್ಯಾರೂ ಹೇಳಿ ಕಳ್ಸಿರ್ಲಿಲ್ಲ, ಎಂಟು ಗಂಟೆಗೆ ಅಡಿಕೆ ಮರ ಹತ್ತೋ ಕೊನೆಗೌಡ ದೋಟಿ ಹಿಡ್ಕೊಂಡು ಅಂಗಳದಲ್ಲಿ ನಿಂತಿದ್ದ. ಅಪ್ಪಯ್ಯಂಗೂ ಅವನಿಗೂ ಮೂವತ್ತು ವರ್ಷದ ಜಗಳ, ಇವ ಕೆಳಗಿಂದ, ಅವ ಮರದ ಮೇಲಿಂದ, ಇಡೀ ಕೇರಿಗೆ ಕೇಳೋ ಹಾಗೆ. ಹೆಗಡೇರ ತೋಟಕ್ಕೆ ಕೊಳೆ ಬಂದ್ರೆ ನಾಳೆ ಮೇಲಿಂದ ನಂಗೇ ಬೈತ್ರು, ಅಂದ.

ಅಣ್ಣ ಒದ್ದೆ ಪಂಚೆಲಿ ಕ್ರಿಯೆಗೆ ಕೂತಿದ್ದ, ಬೋರ್ಡೋ, ಅಂದ್ರೆ ಆ ಕೊಳೆ ಔಷಧಿ, ಕೂಡಿಸೋಕೆ ನಾನೇ ನಿಂತೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಎರಡೂ ಬೇರೆ ಬೇರೆ ನೀರಲ್ಲಿ ಕರಗಿಸಿ ಪ್ಲಾಸ್ಟಿಕ್ ಬ್ಯಾರಲ್ಲಲ್ಲಿ ಸುಣ್ಣದ ತಿಳಿಗೆ ತುತ್ತದ ನೀರು ಹೊಯ್ತಾ ಬೀಸಬೇಕು, ಆಕಾಶದ ಬಣ್ಣ ಬರತ್ತೆ. ಸರಿಯಾಯ್ತೋ ಇಲ್ವೋ ಅಂತ ನೋಡೋಕೆ ಹೊಳಪಿರೋ ಕತ್ತಿ ಅದ್ದಿ ತೆಗೀಬೇಕು, ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಸಾಲ್ದು ಅಂತರ್ಥ. ಸಣ್ಣವಳಿದ್ದಾಗ ಅಪ್ಪಯ್ಯ ನಂಗೆ ಇದನ್ನ ಹೇಳಿಕೊಟ್ಟಿದ್ದು ಹೀಗಲ್ಲ. "ಕತ್ತಿ ನಾಚ್ಕಂಡ್ರೆ ಇನ್ನೊಂದು ಮುಷ್ಟಿ ಸುಣ್ಣ ಹಾಕು ತಂಗಿ." ಅದ್ದಿದೆ, ಕತ್ತಿ ನಾಚ್ಕೊಂಡಿತ್ತು. ಇನ್ನೊಂದು ಮುಷ್ಟಿ ಹಾಕಿ ಅಲ್ಲೇ ಬ್ಯಾರಲ್ ಹತ್ರ ಕೂತು ಅತ್ತೆ, ಮೂರು ದಿನದ್ದು ಮುಗಿದ್ಮೇಲೆ.

ಹನ್ನೆರಡು ಹದಿಮೂರು ಎಲ್ಲಾ ಮುಗೀತು, ಗೋಕರ್ಣಕ್ಕೂ ಹೋಗಿ ಬಂದ್ರು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಭಟ್ರು ಬೇಕಂತಲೇ ಮಾಡಿದ್ರೋ ಏನೋ.

ಇನ್ನು ಕಾಗದಪತ್ರದ ಕಥೆ. ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಇದನ್ನೂ ಹೇಳ್ತೀನಿ. ಮರಣ ನೋಂದಣಿ 21 ದಿನದೊಳಗೆ ಮಾಡಿಸಿಬಿಡಿ, 30 ದಿನ ದಾಟಿದ್ರೆ ಮೇಲಿನವರ ಒಪ್ಪಿಗೆ, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆರ್ಡರ್ ತನಕ ಹೋಗತ್ತೆ. ಸರ್ಟಿಫಿಕೇಟ್ ಕಾಪಿ ಒಂದೆರಡು ಸಾಲಲ್ಲ, ಬ್ಯಾಂಕು, ಸೊಸೈಟಿ ಶೇರು, ಗ್ಯಾಸು, ಹೆಸ್ಕಾಂ ಮೀಟರು, ಪಂಪ್‌ಸೆಟ್ಟು, ಎಲ್ಲರೂ ಒಂದೊಂದು ಇಟ್ಕೋತಾರೆ. ಮೊದಲು ಅದರಲ್ಲಿರೋ ಹೆಸರಿನ ಸ್ಪೆಲ್ಲಿಂಗ್ ನೋಡಿ, ಆಮೇಲೆ ಅಳಿ.

ಅಪ್ಪಯ್ಯನ ಸ್ಪೆಲ್ಲಿಂಗು! ಆಧಾರಲ್ಲಿ ಹೆಗಡೆ, ಪಾಸ್‌ಬುಕ್ಕಲ್ಲಿ ಹೆಗ್ಡೆ, ಉತಾರದಲ್ಲಿ, ಅಂದ್ರೆ ಜಮೀನಿನ ಪಹಣೀಲಿ, ಇನಿಷಿಯಲ್ಲೇ ಬೇರೆ. ಈ ಸಮಸ್ಯೆ ಅವನು ಇದ್ದಾಗ್ಲೇ ಗೊತ್ತಿತ್ತು, ಸರಿ ಮಾಡಿಸೋ ಅಂತ ಅಣ್ಣ ಹತ್ತು ಸಲ ಹೇಳಿದ್ರೆ "ಇರ್ಲಿ ಬಿಡೋ ತಮಾ, ಮೂರು ಜನ ಹೆಗಡೇರು ಇದ್ದೊ, ಸಾಲ ಕೇಳಲೆ ಬಂದ್ರೆ ಅವ ಆನಲ್ಲ ಹೇಳ್ಲಕ್ಕು" ಅಂತ ನಕ್ಕಿದ್ದ. ಆ ಜೋಕಿಗೆ ನಾವು ಕಟ್ಟಿದ ಬೆಲೆ ಒಂದು ಅಫಿಡವಿಟ್ಟು, ನೋಟರಿ ಫೀಸು, ನನ್ನ ನಾಲ್ಕು ದಿನದ ರಜೆ. ಮೂವರೂ ಒಬ್ರೇ ಅಂತ ಪ್ರಮಾಣ ಮಾಡಿ ಬರೆದುಕೊಡೋದು. ನಾನು ಸಹಿ ಹಾಕ್ತಾ ಇದ್ದಾಗ ಮನಸಲ್ಲೇ ಸರಿಯಾಗಿ ಬೈದೆ ಅವನಿಗೆ, ನಗು ಮೊಗ ಅಂತ ಎಲ್ರೂ ಹೊಗಳ್ತಾರೆ, ಅಂಥವರ ಮನೆಯವರಿಗೆ ಮಾತ್ರ ಗೊತ್ತಿರತ್ತೆ ನಗ್ತಾ ನಗ್ತಾ ಎಷ್ಟು ಕೆಲಸ ಮುಂದೆ ಹಾಕಿರ್ತಾರೆ ಅಂತ.

ವಂಶವೃಕ್ಷಕ್ಕೆ ಅರ್ಜಿ ಹಾಕಿದ ಕಚೇರಿಲಿ ಸರ್ವರ್ ಡೌನು, ಇವತ್ತು ಸಾಹೇಬ್ರಿಲ್ಲ, ಈ ಝೆರಾಕ್ಸ್ ಸರಿ ಬಂದಿಲ್ಲ, ಹಿಂಗೇ ಮೂರು ಸಲ ತಿರುಗಿಸಿದ್ರು. ಮೂರನೇ ಸಲ ಅಲ್ಲಿ ಕೂತವರೊಬ್ರು ಕೇಳಿದ್ರು, ಮೇಡಂ ನೀವು ಹೆಣ್ಮಕ್ಕಳು ಹಕ್ಕು ಬಿಟ್ಟುಕೊಡ್ತೀರಿ ಅಲ್ವಾ ಅಂತ, ಟೀ ಕುಡೀತೀರಿ ಅಲ್ವಾ ಅನ್ನೋ ಹಾಗೆ. ಕರ್ನಾಟಕದಲ್ಲಿ ಹೆಣ್ಮಕ್ಕಳಿಗೆ ಪಾಲಿನ ಕಾನೂನು ಬಂದಿದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ, ಇವರ ಟೇಬಲ್ಲಿಗೆ ಇನ್ನೂ ಬಂದಿಲ್ಲ. ನಂಗೆ ಪಾಲು ಬೇಕು ಅಂತೇನೂ ಇರ್ಲಿಲ್ಲ, ಆದ್ರೆ ಆ ಪ್ರಶ್ನೆ ಕೇಳಿದ್ಮೇಲೆ ಬೇಕು ಅನ್ನಿಸ್ತು. ಪಕ್ಕದಲ್ಲಿದ್ದ ಅಣ್ಣನೇ, ಅವಳ ಹೆಸರೂ ಹಾಕಿ, ಅಪ್ಪಯ್ಯ ಅವಳ ಪಾಲಿಗೆ ಅಂತ ಕೊಳೆ ಬರೋ ಮರ ಎಲ್ಲಾ ಗುರ್ತು ಮಾಡಿಟ್ಟಿದ್ದಾನೆ ಅಂದ. ಹೊಳೆ ಬದಿ ನಾಲ್ಕು ಸಾಲು, ಅದಕ್ಕೆ ಅಪ್ಪಯ್ಯ 'ಬೆಂಗ್ಳೂರು ಬ್ಲಾಕು' ಅಂತಿದ್ದಿದ್ದು ಹೌದು.

ಆಮೇಲೆ ವಾರಸಾ ಅರ್ಜಿ, ಜಮೀನು ವಾರಸುದಾರರ ಹೆಸರಿಗೆ ಮಾಡೋಕೆ. ಬೇರೆ ಕಡೆ ಪೌತಿ ಖಾತೆ ಅಂತಾರೆ, ನಮ್ಮಲ್ಲಿ ಇನ್ನೂ ಮುಂಬೈ ಸರ್ಕಾರದ ಕಾಲದ ಮಾತೇ, ಉತಾರ, ವಾರಸಾ. ಅರ್ಜಿ ತಗೊಂಡ್ಮೇಲೆ ಯಾರದ್ದಾದ್ರೂ ತಕರಾರಿದ್ರೆ ಇಷ್ಟು ದಿನದೊಳಗೆ ತಿಳಿಸಿ ಅಂತ ನೋಟಿಸ್ ಹಚ್ತಾರೆ. ನಾನು ಅದರ ಕಾಪಿ ತಂದು ಆಯಿಗೆ ಓದಿ ಹೇಳ್ದೆ. ಅವಳು ಹಿಂದಿನ ಜಗುಲಿಲಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲೀತಿದ್ಲು. ಎದುರುಗಡೆ ಅಪ್ಪಯ್ಯನ ಮೆಟ್ಟುಗತ್ತಿ ಖಾಲಿ ಇತ್ತು, ಯಾರೂ ತೆಗ್ದಿಟ್ಟಿರ್ಲಿಲ್ಲ. ನಲವತ್ತೇಳು ವರ್ಷ ಅವನ ಜೋಕಿಗೆ ನಗದೇ ಇದ್ದ ಒಬ್ಬಳೇ ಒಬ್ಬಳು ಅಂದ್ರೆ ಆಯಿ, ಡೈರಿಲಿ ಅವಳ ನಂಬರಿಗೆ 'ಹೈಕೋರ್ಟು' ಅಂತ ಬರೆದಿದ್ದ. ಪೂರ್ತಿ ಕೇಳಿ ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿ ಅಂದ್ಲು, "ಯನ್ನದೊಂದು ತಕರಾರಿದ್ದು. ಯಾರತ್ರ ಕೊಡವು?"

ನಾನೇನು ಹೇಳ್ಲಿ. ಅವಳೂ ಉತ್ತರಕ್ಕೆ ಕಾದಿರ್ಲಿಲ್ಲ, ಇನ್ನೊಂದು ಅಡಿಕೆ ತಗೊಂಡ್ಲು.

ಸಂಕ್ರಾಂತಿ ಕಳೆದ ಮೇಲೆ ಉತಾರದಲ್ಲಿ ಹೆಸರು ಬಂತು, ಆಯಿದು, ಅಣ್ಣಂದು, ನಂದು. ಸ್ಪೆಲ್ಲಿಂಗ್ ಮೂವರದ್ದೂ ಒಂದೇ ರೀತಿ ಇದೆ, ನಾನು ಎರಡು ಸಲ ನೋಡ್ದೆ. ಅಪ್ಪಯ್ಯನ ಸಿಮ್ ಮಾತ್ರ ಇನ್ನೂ ಬಂದ್ ಮಾಡಿಲ್ಲ. ಮೊದಲು ಓಟಿಪಿ ಬರತ್ತೆ ಅಂತ ಇಟ್ಕೊಂಡಿದ್ವಿ, ಈಗ ಓಟಿಪಿ ಏನೂ ಬರಲ್ಲ, ಆದ್ರೂ ರೀಚಾರ್ಜ್ ಮುಗಿಯೋ ದಿನ ನಾನೋ ಅಣ್ಣನೋ ಹಾಕ್ತಿರ್ತೀವಿ, ಇಬ್ರೂ ಹಾಕಿ ಡಬಲ್ ಆಗಿದ್ದೂ ಇದೆ.

ಆ ಡೈರಿಲಿ ಒಂದೇ ನಂಬರು ಕೊನೇ ತನಕ ಹತ್ತಿರ್ಲಿಲ್ಲ, 'ಅರ್ಧ ಚಾ'. ಸ್ವಿಚ್ ಆಫ್, ಸ್ವಿಚ್ ಆಫ್, ಆಮೇಲೆ ಈ ನಂಬರ್ ಅಸ್ತಿತ್ವದಲ್ಲಿಲ್ಲ. ಯಾರು ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಬಿಟ್ಟುಬಿಟ್ವಿ. ಮೊನ್ನೆ ಶ್ರಾವಣದಲ್ಲಿ ವರ್ಷಾಂತಿಕ ಇತ್ತು. ಊಟ ಎಲ್ಲಾ ಆಗಿ ಬಂದವರು ಕವಳದ ಬಟ್ಟಲ ಸುತ್ತ ಕೂತಿದ್ದಾಗ ಒಬ್ರು ವಯಸ್ಸಾದವರು ಕೊಡೆ ಮಡಚ್ತಾ ಜಗುಲಿ ಹತ್ತಿದ್ರು, ಸಿದ್ದಾಪುರ ಕಡೆಯವರಂತೆ, ಟಿಎಸ್‌ಎಸ್ ಯಾರ್ಡಿಗೆ ಅಡಿಕೆ ಹಾಕೋಕೆ ಬಂದಾಗೆಲ್ಲ ಅಪ್ಪಯ್ಯನ ಜೊತೆ ಚಾ ಕುಡೀತಿದ್ದವರು. 1923ರಲ್ಲಿ ಶುರುವಾದ ಸೊಸೈಟಿ ಅದು, ಅಜ್ಜನ ಕಾಲದಿಂದ ನಮ್ಮನೆ ಅಡಿಕೆ ಅಲ್ಲಿಗೇ ಹೋಗೋದು, ಅಪ್ಪಯ್ಯ ವ್ಯಾಪಾರಕ್ಕಿಂತ ಹೆಚ್ಚು ಹೊತ್ತು ಕಳೀತಿದ್ದಿದ್ದು ಹೊರಗಿನ ಚಾದಂಗಡಿಲಿ. ಮಗನ ಮನೆಗೆ ಅಂತ ಪುಣೆಗೆ ಹೋಗಿ ಒಂದು ವರ್ಷ ಅಲ್ಲೇ ಇದ್ರಂತೆ, ಬಂದ್ಮೇಲೆ ಯಾರ್ಡಲ್ಲಿ ಯಾರೋ ಹೇಳಿ ಗೊತ್ತಾಗಿದ್ದಂತೆ. ಫೋಟೋ ಹತ್ರ ಹೋಗಿ ನೋಡಿದ್ರು, ಉಬ್ಬಿದ ಕೆನ್ನೆ ನೋಡಿ ತಲೆ ಆಡಿಸಿದ್ರು, ಬಂದು ಕಂಬಕ್ಕೆ ಒರಗಿ ಕೂತ್ರು.

ಊಟ ಆಗಿ ಬಂದಿದ್ದೇನೆ ಅಂದ್ರು, ಅತ್ತಿಗೆ ಚಾ ಕೇಳಿದ್ಲು. ಅವರು ಕೈ ಅಡ್ಡ ಮಾಡಿ, ಬೇಡ ತಂಗಿ, ತೀರಾ ಕೊಡೋದಾದ್ರೆ ಅರ್ಧ ಸಾಕು ಅಂದ್ರು.

ನಾನು ಅಣ್ಣನ ಮುಖ ನೋಡ್ದೆ, ಅವನು ಮಾಡು ನೋಡ್ತಿದ್ದ. ಅತ್ತಿಗೆ ಅರ್ಧ ಲೋಟ ತಂದುಕೊಟ್ಲು, ಅವರು ಕುಡಿದ್ರು, ಬೋರ್ಡೋ ಎಷ್ಟನೇದು ಹೊಡೆದ್ರಿ, ಚಾಲಿ ರೇಟ್ ಹೆಂಗಿದೆ ಅಂತ ಮಾತಾಯ್ತು. ಐದು ನಿಮಿಷ ಬಿಟ್ಟು ಲೋಟ ಸ್ವಲ್ಪ ಮುಂದೆ ತಳ್ಳಿ, ಇದ್ರೆ ಇನ್ನೊಂದರ್ಧ ಹಾಕಿ ಅಂದ್ರು.

ಒಳಗೆ ಅಡುಗೆಮನೆಲಿ ಆಯಿ ನಕ್ಕಿದ್ದು ಜಗುಲಿ ತನಕ ಕೇಳ್ತು.